ದಲಾಲ ಕಾಕಾನ ಜೋಡಿ ವಾಲ್ವು

ಹೋದ ತಿಂಗಳು ಕಿವಿಯ ಡಾಕ್ಟರು ನನ್ನ ಬಲಗಿವಿಗೆ ಅವರೆಕಾಳಿನಷ್ಟು ದೊಡ್ಡದಾದ ಒಂದು ಯಂತ್ರ ಸಿಕ್ಕಿಸಿದರು. ಸಿಕ್ಕಿಸಿದ ಮರುಗಳಿಗೆಯೇ ಅದು 'ಕುಂಯ್ಯ್...' ಎಂದು ಸಿಳ್ಳು ಹಾಕಿತು. "ಸ್ವಲ್ಪ ಒಳಗ ಒತ್ತಿಕೋರಿ ಅಜ್ಜಾರ, ನಿಂದರ್ತೈತಿ" ಎಂದರು ಡಾಕ್ಟರು. ನಾನು ಒತ್ತಿಕೊಳ್ಳಲಿಲ್ಲ. ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತು ಬಾಗಿಲ ಕಡೆ ನೋಡಿದೆ. ಎತ್ತುಗಳು ಹಗ್ಗ ಹರಿದುಕೊಂಡು ಬರುವ ಹೊತ್ತು ಇದು ಎಂದು ಐವತ್ತು ವರ್ಷಕ್ಕೂ ಹಿಂದಿನ ಭಯ ಮೈಯೊಳಗಿಂದ ಹೇಳಿತ್ತು.

ಎತ್ತು ಬರಲಿಲ್ಲ. ಕಂಪೌಂಡರ್ ಬಂದ. ಡಾಕ್ಟರು ನನ್ನನ್ನು ಮತ್ತೆ ಕೂರಿಸಿ, "ಒಂದ ಕಿವಿಗೆ ಬ್ಯಾಡ್ರಿ, ಎರಡಕ್ಕೂ ಜೋಡಿ ಹಾಕ್ಕೊಂಡ್ರ ಭಾಳ ಛಲೋ" ಎಂದರು. ಜೋಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಡಾಕ್ಟರು ನನ್ನ ಮಗನ ಮುಖ ನೋಡಿದರು, ಮಗ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಅಪ್ಪನಿಗೆ ಕಿವಿಯ ಜೊತೆ ಇನ್ನೂ ಏನೋ ಹೋಗಿದೆ ಎಂದುಕೊಂಡನೋ ಏನೋ. ಅವನಿಗೆ ಹೇಳುವುದಾದರೂ ಹೇಗೆ, ನಾನು ನಗುತ್ತಿದ್ದುದು ಯಲಬುರ್ಗಿಯ ನಮ್ಮ ದಲಾಲ ಕಾಕಾ ನೆನಪಾಗಿ ಎಂದು...

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಿಜಾಮರ ಆಳ್ವಿಕೆ. ನಾನು ಆಗಷ್ಟೇ ಯಲಬುರ್ಗಿಯ ಸಾಲೆಗೆ ಲೆಕ್ಕದ ಮಾಸ್ತರನಾಗಿ ಬಂದಿದ್ದೆ. ಇನ್ನೂ ಮದುವೆಯಾಗಿರಲಿಲ್ಲ, ಬಾಡಿಗೆಗೆ ಸಿಕ್ಕದ್ದು ಒಬ್ಬ ಎತ್ತಿನ ದಲಾಲರ ಮನೆಯ ಮುಂದಿನ ಕೋಣೆ. ಕೋಣೆಯ ಗೋಡೆಗೆ ಹೊಂದಿ ಎತ್ತಿನ ಕೊಟ್ಟಿಗೆ. ಆ ಗೋಡೆಯಲ್ಲಿ ಒಂದು ಬೆಳಕಿಂಡಿ. ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಯಾವುದಾದರೂ ಎತ್ತು ಆ ಕಿಂಡಿಯಿಂದ ನನ್ನನ್ನೇ ನೋಡುತ್ತಿರುತ್ತಿತ್ತು. ಸಂತೆಯಿಂದ ಸಂತೆಗೆ ಎತ್ತು ಬದಲಾಗುತ್ತಿದ್ದವು, ನೋಡುವ ರೀತಿ ಮಾತ್ರ ಒಂದೇ ಆಗಿತ್ತು. ನನ್ನ ಲೆಕ್ಕದ ಮೇಲೆ ಅವುಗಳಿಗೆ ಭರವಸೆ ಇದ್ದಂತೆ ಕಾಣಲಿಲ್ಲ.

ದಲಾಲರನ್ನು ನಾನು ಕಾಕಾ ಎನ್ನುತ್ತಿದ್ದೆ. ಕುಷ್ಟಗಿಯ ಸಂತೆಯಲ್ಲಿ ಅವರ ಮಾತಿಗೆ ಭಾರಿ ಬೆಲೆ. ಮಾತು ಎಂದರೆ ಬಾಯಿಮಾತಲ್ಲ. ಎತ್ತಿನ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಹೆಗಲ ಟವೆಲ್ಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒತ್ತಬೇಕು. ಸುತ್ತ ನಿಂತ ಹತ್ತು ಮಂದಿಗೆ ತಿಳಿಯದಂತೆ ಬೆಲೆ ಏರುತ್ತದೆ, ಇಳಿಯುತ್ತದೆ. ಕಾಕಾ ಹೀಗೆ ಬೆರಳಲ್ಲಿ ಮಾತಾಡಿ ಮಾತಾಡಿ ಬಾಯಿಯನ್ನು ಬರೀ ಎಲೆಯಡಿಕೆಗೆ ಮೀಸಲಿಟ್ಟಿದ್ದರು.

ಈ ಬೆರಳಿನ ಭಾಷೆ ಮನೆಯೊಳಗೂ ನಡೆಯುತ್ತಿತ್ತು. ಕಾಕಾನ ಹೆಂಡತಿಗೆ, ನಾನು ಅವ್ವ ಎಂದು ಕರೆಯುತ್ತಿದ್ದವರಿಗೆ, ಕಿವಿ ಮಂದವಾಗಿತ್ತು. ಊಟಕ್ಕೆ ಕೂತಾಗ ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಬಂದರೆ, ಕಾಕಾ ಟವೆಲ್ಲು ಹಾಸಿ ಅದರ ಕೆಳಗೆ ಅವರ ಎರಡು ಬೆರಳು ಒತ್ತುತ್ತಿದ್ದರು. ಎರಡು ರೊಟ್ಟಿ ಬೀಳುತ್ತಿದ್ದವು. ಆ ಕಾಲದಲ್ಲಿ ಗಂಡ ಹೆಂಡತಿ ಮಂದಿಯೆದುರು ಕೈ ಹಿಡಿಯುವುದಿರಲಿ, ಎದುರುಬದುರು ಕೂತು ಮಾತಾಡುವುದೂ ಕಷ್ಟ. ಅಂಥದರಲ್ಲಿ ಈ ಟವೆಲ್ಲು ಹಾಸಿದರೆ ಯಾರೂ ಏನೂ ಅನ್ನುವಂತಿರಲಿಲ್ಲ, ಅದು ವ್ಯವಹಾರ! ಎರಡು ರೊಟ್ಟಿ ಎಂದು ಹೇಳಲು ಅಷ್ಟು ಹೊತ್ತು ಬೆರಳು ಹಿಡಿಯಬೇಕೇ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಅವ್ವ ಒಂದು ಕಾಲಕ್ಕೆ ಆ ಓಣಿಗೇ ದೊಡ್ಡ ಹಾಡುಗಾರ್ತಿಯಂತೆ. ಮದುವೆಯ ಸೋಬಾನೆ, ತೊಟ್ಟಿಲ ಜೋಗುಳ, ಬೀಸುವ ಪದ ಯಾವುದಿದ್ದರೂ ಅವರೇ ಮೊದಲು ಎತ್ತಬೇಕು, ಉಳಿದವರು ಹಿಂದಿನಿಂದ ಸೇರಬೇಕು. ನಾನು ಬರುವ ಎರಡು ವರ್ಷ ಮೊದಲು ಒಂದು ಮದುವೆಯಲ್ಲಿ ಅವರ ದನಿ ಎತ್ತೆತ್ತಲೋ ಹೋಯಿತಂತೆ. ತಮ್ಮ ದನಿ ತಮಗೇ ಕೇಳಿಸದೆ, ಇನ್ನಷ್ಟು ಜೋರಾಗಿ ಹಾಡಿದರಂತೆ. ಸುತ್ತ ಕೂತ ಹೆಂಗಸರು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಅವ್ವನಿಗೆ ಕಂಡಿತು. ಕಿವಿ ಹೋಗಿದ್ದರೂ ಕಣ್ಣು ಇತ್ತಲ್ಲ. ಅಂದು ಬಾಯಿ ಮುಚ್ಚಿದ ಅವ್ವ ಮತ್ತೆ ಹಾಡಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತಾಗಲೂ ಕಲ್ಲಿನ ಗರಗರ ಅಷ್ಟೇ ಕೇಳುತ್ತಿತ್ತು.

ಇದನ್ನೆಲ್ಲ ಕಾಕಾ ನನಗೆ ಹೇಳಿದ್ದು ಅವರ ಒಬ್ಬಳೇ ಮಗಳು ಸಿದ್ದಾಪುರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದ ದಿನ. ಏಳು ತಿಂಗಳು ತುಂಬಿತ್ತು. ಕಾಕಾ ನನ್ನ ಕೋಣೆಗೆ ಬಂದು, ಕಿಂಡಿಯಲ್ಲಿದ್ದ ಎತ್ತಿನ ಮುಖವನ್ನು ಆಚೆ ತಳ್ಳಿ, ಗುಟ್ಟು ಹೇಳುವವರಂತೆ ಕೂತರು.

"ಮಾಸ್ತರ್ರ, ನಾಳೆ ಕೂಸು ಹುಟ್ಟಿದ್ರ ತೊಟ್ಟಲಾ ಕಟ್ತೀವಿ. ಸ್ವಂತ ಮೊಮ್ಮಗನ ತೊಟ್ಟಲಕ್ಕ ಅಜ್ಜಿ ಹಾಡಲಿಲ್ಲಂದ್ರ ಹ್ಯಾಂಗ್ರಿ? ಆಕಿ ಒಲ್ಲೆ ಅಂತಾಳ. ಮಂದಿ ನಗ್ತಾರ ಅಂತಾಳ. ಕಿವುಡರಿಗೆ ಕೇಳುವಂಥಾ ಯಂತ್ರ ಬಂದಾವಂತಲ್ಲ ಮುಂಬೈ ಕಡೆ? ನೀವು ಓದಿದವರು, ಒಂದು ಮಾಡಿ ಕೊಡ್ರಿ."

ಮಗುವಿನ್ನೂ ಹೊಟ್ಟೆಯಲ್ಲಿತ್ತು, ಅದು ಮೊಮ್ಮಗನೇ ಎಂದು ಅವರಿಗೆ ಯಾರು ಹೇಳಿದ್ದರೋ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರೆ. ಕಾಕಾ ಕೂಸು ಹುಟ್ಟುವ ಮುಂಚೆ ಜೋಗುಳಕ್ಕೆ ಯಂತ್ರ ಕಟ್ಟಿಸಲು ಹೊರಟಿದ್ದರು.

ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ. ನಾನು ಮುಂಬೈಯಿಂದ ಅಂಚೆಯಲ್ಲಿ ಒಂದು ಇಂಗ್ಲಿಷ್ ಪುಸ್ತಿಕೆ ತರಿಸಿದ್ದೆ. ದನಿ ಹೆಚ್ಚಿಸುವ ಯಂತ್ರವನ್ನು ಮನೆಯಲ್ಲೇ ಕಟ್ಟುವುದು ಹೇಗೆ ಎಂಬುದು ಅದರ ವಿಷಯ. ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಆದರೆ ಕೈಯಾರೆ ನಾನು ಅಲ್ಲಿಯವರೆಗೆ ಕಟ್ಟಿದ್ದು ಧೋತರ ಒಂದೇ. ಈಗ 'ನನಗೆ ಬರುವುದಿಲ್ಲ' ಎಂದರೆ ಮಾಸ್ತರಿಕೆಯ ಮಾನ ಏನಾಗಬೇಕು? "ಅದೇನು ದೊಡ್ಡದಲ್ಲ ಬಿಡ್ರಿ ಕಾಕಾ" ಎಂದುಬಿಟ್ಟೆ.

ಪುಸ್ತಿಕೆಯಲ್ಲಿ ಎರಡು ಯಂತ್ರಗಳ ಚಿತ್ರಗಳಿದ್ದವು. ಒಂದರಲ್ಲಿ ಒಂದೇ ವಾಲ್ವು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಸಾಕಾಗುವಷ್ಟು ದನಿ. ಇನ್ನೊಂದರಲ್ಲಿ ಎರಡು ವಾಲ್ವುಗಳು ಅಕ್ಕಪಕ್ಕ ನಿಂತು, ಒಂದು ತಳ್ಳಿದರೆ ಒಂದು ಎಳೆಯುತ್ತ ದೊಡ್ಡ ತುತ್ತೂರಿಯನ್ನು ಕೂಗಿಸುತ್ತಿದ್ದವು. ವಾಲ್ವು ಎಂದರೆ ಒಳಗೆ ತಂತಿ ಇರುವ ಗಾಜಿನ ಬುರುಡೆ, ಸಣ್ಣ ದನಿಯನ್ನು ದೊಡ್ಡದು ಮಾಡುವುದು ಅದೇ ಎಂದು ನಾನು ಕಾಕಾನಿಗೆ ತಿಳಿಸಿ ಹೇಳಿದೆ. ಅವರು ಮೊದಲನೆಯ ಚಿತ್ರದ ಮೇಲೆ ಬೆರಳಿಟ್ಟು ಮುಖ ಕಿವುಚಿದರು.

"ಒಂಟೆತ್ತು."

ಎರಡನೆಯದರ ಮೇಲೆ ಬೆರಳಿಟ್ಟಾಗ ಮುಖ ಅರಳಿತು.

"ಜೋಡೆತ್ತು! ಮಾಸ್ತರ್ರ, ಒಂಟೆತ್ತು ಕಟ್ಟಿದವನ ಹೊಲ ಎಂದಾದ್ರೂ ಹಸನಾಗೇತೇನು? ನಾ ಜೋಡಿ ಕೂಡಿಸಿ ಬದುಕಿದಾಂವ. ನಮ್ಮ ಮನ್ಯಾಗ ಒಂಟಿ ನಿಂತ್ರ ಮಂದಿ ಏನಂದಾರು? ಜೋಡೀನ ಇರಲಿ."

ಪುಸ್ತಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಮಾತಿತ್ತು. ಮೊದಲ ಸಲ ಕಟ್ಟುವವರು ಒಂದೇ ವಾಲ್ವಿನದನ್ನು ಕಟ್ಟಿರಿ, ಜೋಡಿಯ ಗೊಡವೆಗೆ ಹೋಗಬೇಡಿ, ಎರಡೂ ಒಂದೇ ಗುಣದವು ಸಿಗದಿದ್ದರೆ ಫಜೀತಿ, ಬ್ಯಾಟರಿಯೂ ಬೇಗ ಬಸವಳಿಯುತ್ತದೆ ಎಂದು. ಆ ಒಂದು ಸಾಲನ್ನು ನಾನು ಕಾಕಾನಿಗೆ ಕನ್ನಡದಲ್ಲಿ ಹೇಳಲಿಲ್ಲ. ನನಗೂ ತುತ್ತೂರಿಯ ಆಸೆ ಇತ್ತು. ಊರಲ್ಲಿ ಮೊದಲ ಸಲ ಅಂಥದ್ದನ್ನು ಕಟ್ಟಿದ ಮಾಸ್ತರ ಎನಿಸಿಕೊಳ್ಳುವ ಆಸೆ ಇನ್ನೂ ಹೆಚ್ಚಿತ್ತು.

ಸಾಮಾನು ತರಲು ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಕೊಪ್ಪಳದವರೆಗೆ ಮೋಟಾರು ಬಸ್ಸು, ಅಲ್ಲಿಂದ ರೈಲು. ಹುಬ್ಬಳ್ಳಿಯ ಅಂಗಡಿಯವರು ಕೋಟು ಹಾಕಿದ, ತಣ್ಣಗೆ ಮಾತಾಡುವ ಮನುಷ್ಯ. ಪುಸ್ತಿಕೆ ನೋಡಿ, ಹೇಳಿದ ನಂಬರಿನ ಒಂದು ವಾಲ್ವನ್ನು ತಂದು ಮೇಜಿನ ಮೇಲಿಟ್ಟರು. ಕಾಕಾ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ತಳದ ಕಡ್ಡಿಗಳನ್ನು ಎಣಿಸಿದರು.

"ನಾಕು ಹಲ್ಲೈತಿ. ಹರೇದ ಹೋರಿ" ಎಂದರು ಸಮಾಧಾನದಿಂದ. ಆಮೇಲೆ ಗಾಜಿನ ಹೊಟ್ಟೆಯ ಮೇಲೆ ಅಂಗೈ ಸವರಿದರು, ಬೆನ್ನು ಚಪ್ಪರಿಸಿದರು, ಏನಾದರೂ ಕೆಟ್ಟ ಸುಳಿ ಇದೆಯೇ ಎಂದು ಸುತ್ತ ತಿರುಗಿಸಿ ನೋಡಿದರು. ಅಂಗಡಿಯವರು ಅದನ್ನು ಕಸಿದುಕೊಳ್ಳಲೋ ಬೇಡವೋ ಎಂದು ಕೈ ಚಾಚಿಕೊಂಡೇ ನಿಂತಿದ್ದರು.

ತೊಂದರೆ ಬಂದದ್ದು ಎರಡನೆಯದಕ್ಕೆ. ಆ ನಂಬರಿನದು ಅಂಗಡಿಯಲ್ಲಿ ಒಂದೇ ಇತ್ತು. ಇನ್ನೊಂದು ಮುಂಬೈಯಿಂದ ಬರಬೇಕು, ತಿಂಗಳಾದೀತು ಎಂದರು. ಕಾಕಾ ತಿಂಗಳು ಕಾಯುವ ಹಾಗಿರಲಿಲ್ಲ, ಮಗಳ ಹೊಟ್ಟೆ ಕಾಯುವುದಿಲ್ಲವಲ್ಲ. ಅವರು ಹಿಂದಿನ ಕಪಾಟಿಗೆ ಕಣ್ಣು ಹಾಯಿಸಿದರು. ಸಂತೆಯಲ್ಲಿ ನೂರು ಎತ್ತುಗಳ ನಡುವಿನಿಂದ ಜೋಡಿ ಆರಿಸುವ ಕಣ್ಣು ಅದು. ಒಂದು ವಾಲ್ವಿನ ಮೇಲೆ ನಿಂತಿತು. ತೆಗೆಸಿದರು, ಮೊದಲನೆಯದರ ಪಕ್ಕ ನಿಲ್ಲಿಸಿದರು. ಎತ್ತರ ಒಂದೇ, ಭುಜ ಒಂದೇ, ನೆತ್ತಿಯ ಬೆಳ್ಳಿ ಬಣ್ಣವೂ ಒಂದೇ, ಹಲ್ಲೂ ನಾಲ್ಕೇ.

"ಇದು ಬ್ಯಾರೆ ನಂಬರ್ರೀ, ಇದರ ಕೆಲಸಾನ ಬ್ಯಾರೆ" ಎಂದರು ಅಂಗಡಿಯವರು.

"ಹೆಸರು ಬ್ಯಾರೆ ಇರಲಿಲ್ಲಂದ್ರ ಕರೆಯೂದು ಹ್ಯಾಂಗ್ರಿ? ಒಂದಕ್ಕ ಬಸ್ಯಾ ಅಂತೀವಿ, ಇನ್ನೊಂದಕ್ಕ ರಾಮ್ಯಾ ಅಂತೀವಿ. ಎಳಿಯಾಕ ಎರಡೂ ಎಳಿತಾವು" ಎಂದರು ಕಾಕಾ.

ಅಂಗಡಿಯವರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎಂಬಂತೆ. ಆ ನಂಬರಿನ ಅರ್ಥ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ತಲೆ ಆಡಿಸಿದೆ. ಕಾಕಾ ಹೆಗಲ ಟವೆಲ್ಲು ತೆಗೆದು ಅಂಗಡಿಯವರ ಕೈಮೇಲೆ ಹಾಸಿ, ಅದರ ಕೆಳಗೆ ಅವರ ಬೆರಳು ಹಿಡಿದರು. ಪಾಪ, ಆ ಮನುಷ್ಯ ಬೆವೆತುಹೋದರು. ತಮ್ಮ ಅಂಗಡಿಯಲ್ಲಿ, ತಮ್ಮ ಕೆಲಸದವರೆದುರಿಗೆ, ತಲೆಗೆ ಪಟಗ ಸುತ್ತಿದ ಒಬ್ಬ ಮನುಷ್ಯ ತಮ್ಮ ನಡುಬೆರಳನ್ನು ಹಿಸುಕುತ್ತಿದ್ದರೆ ಯಾರಿಗೆ ತಾನೆ ಧೈರ್ಯ ಉಳಿದೀತು? ಕೈ ಬಿಡಿಸಿಕೊಂಡರೆ ಸಾಕೆಂದು ಎಲ್ಲಕ್ಕೂ ಒಪ್ಪಿದರು. ಕಿವಿಗೆ ಕಟ್ಟುವ ಎರಡು ಹೆಡ್‌ಫೋನು ಗುಬ್ಬಿಗಳನ್ನೂ, ಹಳೆಯ ಟೆಲಿಫೋನಿನಿಂದ ಬಿಚ್ಚಿದ, ಮಾತಾಡುವ ತುಂಡನ್ನೂ ಮೇಲೆ ಹಾಕಿ ಕೊಟ್ಟರು. ಆ ತುಂಡೇ ನಮ್ಮ ಮೈಕು.

ಬರುವಾಗ ಬ್ರಿಟಿಷರ ಸೀಮೆ ಮುಗಿದು ನಿಜಾಮರ ಸೀಮೆ ಶುರುವಾಗುವ ಗಡಿಯ ಸುಂಕದ ಕಟ್ಟೆಯಲ್ಲಿ ಗುಮಾಸ್ತರು ಹತ್ತಿಯಲ್ಲಿ ಸುತ್ತಿದ ವಾಲ್ವುಗಳನ್ನು ನೋಡಿ ಇದೇನೆಂದು ಉರ್ದುವಿನಲ್ಲಿ ಕೇಳಿದರು. ಕಾಕಾ ತಮಗೆ ಬರುವಷ್ಟು ಉರ್ದುವಿನಲ್ಲಿ, ಇದು ನನ್ನ ಹೆಂಡತಿಯ ಕಿವಿ ಎಂದರು. ಗುಮಾಸ್ತರು ಸ್ವಲ್ಪ ಹೊತ್ತು ಕಾಕಾನ ಮುಖ ನೋಡಿ, ಹತ್ತಿಯನ್ನು ಮೊದಲಿನಂತೆಯೇ ಮುಚ್ಚಿ ಕಳಿಸಿದರು.

ನಮ್ಮೂರಲ್ಲಿ ಆಗ ಕರೆಂಟು ಎಲ್ಲಿಂದ ಬರಬೇಕು? ಯಂತ್ರ ನಡೆಯುವುದು ಆಸಿಡ್ಡು ತುಂಬಿದ ಒಂದು ಗಾಜಿನ ಬ್ಯಾಟರಿಯ ಮೇಲೆ. ಅದು ಬರಿದಾದರೆ ಕೊಪ್ಪಳದ ಹತ್ತಿ ಬಿಡಿಸುವ ಜಿನ್ನಿಗೆ ಒಯ್ದು, ಅಲ್ಲಿಯ ಡೈನಮೋದಿಂದ ತುಂಬಿಸಿಕೊಂಡು ಬರಬೇಕು. ಕಾಕಾ ಅದನ್ನು ತುಪ್ಪದ ಗಡಿಗೆಯಂತೆ ನೆಲುವಿನಲ್ಲಿ ಕಟ್ಟಿ, ಮೋಟಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಓಡಾಡಿದರು. ಮೋಟಾರು ತಳಕಲ್ಲು ಊರಿನ ಹತ್ತಿರ ಕುಣಿಯಲ್ಲಿ ಇಳಿದಾಗೆಲ್ಲ ಒಂದೊಂದು ಹನಿ ತುಳುಕುತ್ತಿತ್ತು. ಎರಡು ಸಲ ಹೋಗಿ ಬರುವಷ್ಟರಲ್ಲಿ ಅವರ ಧೋತರದ ಮುಂಭಾಗ ಜರಡಿಯಾಯಿತು. ಅವ್ವ ಒಗೆಯಲು ಒಯ್ದು, ಬಿಸಿಲಿಗೆ ಹಿಡಿದು, ಆ ತೂತುಗಳಿಂದ ನನ್ನನ್ನು ನೋಡಿದ್ದು ಇನ್ನೂ ನೆನಪಿದೆ.

ನಾನು ಕಲಾಯಿಯವನ ಹತ್ತಿರ ಬೆಸುಗೆಯ ಕಬ್ಬಿಣ ಕೇಳಿ ತಂದು, ಕೆಂಡದಲ್ಲಿ ಕಾಸಿ, ರಾಳ ಹಚ್ಚಿ, ಇಪ್ಪತ್ತು ದಿನ ಬೆಸೆದೆ. ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಕಟ್ಟಿದೆ. ಎಲ್ಲವನ್ನೂ ಒಂದು ಹಲಗೆಯ ಮೇಲೆ ಕೂರಿಸಿದೆವು. ಹಾಳಾದ ಗ್ರಾಮಫೋನಿನದೊಂದು ತುತ್ತೂರಿ ಕಾಕಾ ಎಲ್ಲಿಂದಲೋ ತಂದರು. ಪರೀಕ್ಷೆಯ ದಿನ ಬೆಳಿಗ್ಗೆ ಕುಷ್ಟಗಿ ಕಡೆಯ ಒಬ್ಬ ರೈತ ಎತ್ತು ನೋಡಲು ಬಂದಿದ್ದ. ಅವನೆದುರಿಗೇ ಪರೀಕ್ಷೆ ಆಗಲಿ, ಎರಡು ಹೊಗಳಿಕೆ ಹೊರಗೂ ಹೋಗಲಿ ಎಂದು ಕಾಕಾನ ಹಟ. ಹಲಗೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟು, ತುತ್ತೂರಿಯನ್ನು ಮೇವಿನ ಗೋದಲಿಯ ಮೇಲೆ ಕಟ್ಟಿದರು. ಅವ್ವ ಅಂಗಳದ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

ಕಾಕಾ ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, "ಏನಽ, ಕೇಳಸ್ತೇತೇನು?" ಎಂದು ಹೆಂಡತಿಯನ್ನು ಕೇಳಿದರು.

ತುತ್ತೂರಿಯಿಂದ ಬಂದದ್ದು ಮಾತಲ್ಲ. ಎಮ್ಮೆ ಕೆಸರಿನಲ್ಲಿ ಮೂಗು ಅದ್ದಿ ಉಸಿರು ಬಿಟ್ಟ ಸದ್ದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನಮ್ಮ ಬಸ್ಯಾ ರಾಮ್ಯಾ ಮಾಡಿದ್ದು ಅದನ್ನೇ. ಒಂದು ದನಿಯನ್ನು ಎಳೆಯುತ್ತಿತ್ತು, ಇನ್ನೊಂದು ಹರಿಯುತ್ತಿತ್ತು. ಕಾಕಾನಿಗೆ ಸಂಶಯ ಬಂತು. ತುತ್ತೂರಿಯೊಳಗೆ ಏನಾದರೂ ಸಿಕ್ಕಿದೆಯೋ ಎಂದು ನೋಡಲು ಮೈಕು ಹಿಡಿದುಕೊಂಡೇ ಅದರ ಬಾಯಿಯೊಳಗೆ ತಲೆ ಹಾಕಿದರು.

ಮೈಕನ್ನು ತುತ್ತೂರಿಯ ಹತ್ತಿರ ಒಯ್ಯಬಾರದು ಎಂದು ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿತ್ತು. ನಾನು ಅದನ್ನು ಆಮೇಲೆ ಓದಿದೆ.

ಅಂಥ ಕೂಗನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಹೋದ ತಿಂಗಳು ಡಾಕ್ಟರ ಹತ್ತಿರ ಕೇಳಿದ್ದು ಅದರ ಮರಿಯನ್ನಷ್ಟೇ. 'ಕುಂಯ್ಯ್ಯ್...' ಎಂದು ಅದು ಎದ್ದದ್ದೇ, ಕೊಟ್ಟಿಗೆಯ ನಾಲ್ಕೂ ಎತ್ತು ಒಮ್ಮೆಗೇ ಹಗ್ಗ ಹರಿದವು. ನಾನು ಗೋಡೆಗೆ ಆತು ನಿಂತೆ. ಒಂದು ಎತ್ತು ಹಲಗೆಯ ಮೇಲೆ ಕಾಲಿಟ್ಟು ಹೋಯಿತು, ಇನ್ನೊಂದು ತುತ್ತೂರಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಣಿಗೆ ಇಳಿಯಿತು. ಆಚೆ ಮನೆಯ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆಯೇ ನಾಲ್ಕೂ ಹಾದುಹೋದವು. ಕೆರೆಯ ದಂಡೆಯ ಮೇಲೆ ಅವು ಸಿಕ್ಕಾಗ ಮಧ್ಯಾಹ್ನವಾಗಿತ್ತು. ಕುಷ್ಟಗಿಯ ರೈತ ಕೈಮುಗಿದ. "ಎತ್ತು ಆಮ್ಯಾಲೆ ನೋಡೂಣ್ರಿ. ಮೊದಲು ನಿಮ್ಮ ಮನ್ಯಾಗಿನ ದೆವ್ವಾ ಬಿಡಿಸ್ಕೋರಿ" ಎಂದು ಹೇಳಿ ಹೊರಟುಹೋದ.

ಇಷ್ಟೆಲ್ಲ ಆಗುವಾಗ ಅವ್ವ ಮೊರದಿಂದ ಒಮ್ಮೆ ತಲೆ ಎತ್ತಿದರು. ಓಡುತ್ತಿದ್ದ ಎತ್ತುಗಳ ಬಾಲ ನೋಡಿ, "ನೀರು ಕುಡಿಸಾಕ ಬಿಟ್ರೇನು?" ಎಂದು ಕೇಳಿ, ಮತ್ತೆ ಜೋಳದ ಕಲ್ಲು ಆರಿಸತೊಡಗಿದರು. ಯಾರಿಗಾಗಿ ಆ ಯಂತ್ರ ಹುಟ್ಟಿತ್ತೋ ಅವರೊಬ್ಬರನ್ನು ಬಿಟ್ಟು ಇಡೀ ಓಣಿಗೆ ಅದು ಕೇಳಿಸಿತ್ತು.

ಹಲಗೆ ಎತ್ತಿ ನೋಡಿದರೆ ಒಂದು ವಾಲ್ವು ಪುಡಿಯಾಗಿತ್ತು. ಉಳಿದದ್ದು ಮೊದಲು ಆರಿಸಿದ ನಾಲ್ಕು ಹಲ್ಲಿನ ಬಸ್ಯಾ. ಕಾಕಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ಜೋಡಿ ಸತ್ತ ಎತ್ತನ್ನು ನೋಡುವ ಹಾಗೆ ನೋಡಿದರು. ಮಗಳ ದಿನ ತುಂಬುತ್ತಿತ್ತು. ಹುಬ್ಬಳ್ಳಿಗೆ ಮತ್ತೆ ಹೋದರೂ ಇನ್ನೊಂದು ಅಲ್ಲಿ ಇರಲಿಲ್ಲ, ಮುಂಬೈಯಿಂದ ತರಿಸುವಷ್ಟು ಬಿಡುವಿರಲಿಲ್ಲ. "ಮುಗೀತು ಬಿಡ್ರಿ ಮಾಸ್ತರ್ರ" ಎಂದರು. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಒಣಜಂಭದಿಂದ ಒಬ್ಬ ಅಜ್ಜಿಯ ಹಾಡು ಹೋಯಿತಲ್ಲ.

ಅವ್ವ ಮೊರ ಕೆಳಗಿಟ್ಟು ಎದ್ದು ಬಂದರು. ಇಪ್ಪತ್ತು ದಿನಗಳಿಂದ ನಮ್ಮ ಗುಟ್ಟು ಅವರಿಗೆ ಗೊತ್ತೇ ಇತ್ತು. ಧೋತರದ ತೂತು ಎಲ್ಲವನ್ನೂ ಹೇಳಿತ್ತು. ಗಂಡನ ಅಂಗೈಯಿಂದ ಆ ವಾಲ್ವು ತೆಗೆದುಕೊಂಡು ನನ್ನ ಮುಂದೆ ಹಿಡಿದರು.

"ಮಾಸ್ತರ್ರ, ಇದು ಯಾರಿಗೆ ಕೇಳಸಬೇಕರಿ? ಓಣಿಗೋ, ನನಗೋ?"

ನಾನು ಅವರ ಕಡೆಗೇ ಬೆರಳು ಮಾಡಿದೆ.

"ಮತ್ತ ಜೋಡಿ ಯಾಕ? ಗಾಣಕ್ಕ ಎಷ್ಟೆತ್ತು ಕಟ್ತಾರ? ಒಂದ! ಒಂಟೆತ್ತಿನ ಗಾಣದ ಎಣ್ಣಿ ನೀವು ಉಣ್ಣೂದಿಲ್ಲೇನು?"

ಕಾಕಾ ತಲೆ ಎತ್ತಿದರು. ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವರಿಗೆ ಗಾಣದೆತ್ತು ನೆನಪಾಗಿರಲಿಲ್ಲ. ಲೆಕ್ಕದ ಮಾಸ್ತರನಿಗೆ ಒಂದು ಕಿವಿಗೆ ಎಷ್ಟು ದನಿ ಬೇಕು ಎಂಬ ಲೆಕ್ಕ ಬಂದಿರಲಿಲ್ಲ. ಇಬ್ಬರೂ ಸೇರಿ ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಆಗ ನಾನು ಪುಸ್ತಿಕೆ ತಂದು, ಮೊದಲ ಪುಟದ ದಪ್ಪ ಅಕ್ಷರದ ಸಾಲನ್ನು ಕಾಕಾನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕಾಕಾ ಎಲೆಯಡಿಕೆ ಉಗುಳಿ ಬಂದು ಕೇಳಿದರು. "ಇದನ್ನ ಮೊದಲ ಹೇಳಾಕ ಬಾಯಾಗ ಕಡುಬು ಇಟ್ಕೊಂಡಿದ್ರೇನ್ರಿ?"

ಒಂಟಿ ವಾಲ್ವಿನದು ನಾಲ್ಕು ದಿನದಲ್ಲಿ ಮುಗಿಯಿತು. ಮೊದಲ ಸಲ ಅವ್ವನ ಕಿವಿಗೆ ಗುಬ್ಬಿಗಳನ್ನು ಕಟ್ಟಿ ಕಾಕಾನ ಕೈಗೆ ಮೈಕು ಕೊಟ್ಟೆ. ಏನು ಮಾತಾಡಬೇಕೆಂದು ಅವರು ನಾಲ್ಕೂ ದಿನ ಯೋಚಿಸಿಟ್ಟಿದ್ದರು ಎಂದು ನನಗೆ ಗೊತ್ತಿತ್ತು. ಮೈಕನ್ನು ಬಾಯಿಯ ಹತ್ತಿರ ತಂದರು. ನನ್ನನ್ನು ನೋಡಿದರು, ಎತ್ತನ್ನು ನೋಡಿದರು, ಕೊನೆಗೆ ನೆಲ ನೋಡಿದರು.

"ಊಟಾತೇನು?"

ಅವ್ವ ಬೆಚ್ಚಿದರು. ಕಣ್ಣು ಅಗಲವಾಯಿತು. ಆಮೇಲೆ, "ಇಷ್ಟು ಕೇಳಾಕ ಹುಬ್ಬಳ್ಳಿತನಕ ಹೋಗಿದ್ರೇನು!" ಎಂದರು. ಎಂದವರು ತಮ್ಮ ದನಿಗೆ ತಾವೇ ತಡೆದು ನಿಂತರು. ಅದು ಅವರಿಗೆ ಕೇಳಿಸಿತ್ತು. ಮೈಕು ಕಸಿದುಕೊಂಡು, ಹಲಗೆಯನ್ನು ಬೀಸುವ ಕಲ್ಲಿನ ಹತ್ತಿರ ಇಡಿಸಿ, ನಮ್ಮಿಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಸ್ವಲ್ಪ ಹೊತ್ತು ಕಲ್ಲಿನ ಗರಗರವಷ್ಟೇ ಇತ್ತು. ಆಮೇಲೆ ಅದರೊಳಗಿಂದ ಒಂದು ಎಳೆ ದನಿ ಎದ್ದಿತು. ತಪ್ಪಿತು. ಮತ್ತೆ ಎದ್ದಿತು, ಈ ಸಲ ನಿಂತಿತು. ಕಾಕಾ ಎತ್ತಿನ ಹಣೆ ತುರಿಸುತ್ತ ನನಗೆ ಬೆನ್ನು ಮಾಡಿ ನಿಂತಿದ್ದರು. ಅಳುತ್ತಿದ್ದರು. ನಾನೂ ಅತ್ತೆ, ಏಕೆ ಸುಳ್ಳು ಹೇಳಲಿ.

ಮೊಮ್ಮಗಳು ಹುಟ್ಟಿದಳು. ಮೊಮ್ಮಗ ಎಂದು ಸಾರಿಕೊಂಡು ಓಡಾಡಿದ್ದ ಕಾಕಾ, "ನಾ ಮೊದಲ ಅಂದಿದ್ದೆ ಹೆಣ್ಣ ಅಂತ" ಎಂದು ಸಕ್ಕರೆ ಹಂಚಿದರು. ತೊಟ್ಟಿಲು ಕಟ್ಟುವ ದಿನ ಸಿದ್ದಾಪುರದ ಬೀಗರು ಬಂಡಿ ತುಂಬ ಬಂದರು. ಹಲಗೆಯನ್ನು ತೊಟ್ಟಿಲ ಕೆಳಗೆ ಇಟ್ಟು, ಮೇಲೊಂದು ಹೊಸ ಖಣ ಮುಚ್ಚಿದ್ದೆವು. ಮೈಕನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿತ್ತು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಂದು ಕೂತರು, ಸೆರಗಿನಡಿಯಿಂದ ಗುಬ್ಬಿಗಳು ಉಬ್ಬಿ ಕಾಣುತ್ತಿದ್ದವು. ಬೀಗಿತ್ತಿ ಮೆಲ್ಲಗೆ ಪಕ್ಕದವರನ್ನು, "ಇಷ್ಟು ದೊಡ್ಡ ಬುಗುಡಿ ಯಾವೂರಾಗ ಮಾಡ್ತಾರವಾ?" ಎಂದು ಕೇಳಿದ್ದು ನನಗೂ ಕೇಳಿಸಿತು. ಹಿಂದೆ ಆ ಮದುವೆಯಲ್ಲಿ ಅವ್ವನ ಹಾಡಿಗೆ ನಕ್ಕ ಹೆಂಗಸರೂ ಅಲ್ಲಿದ್ದರು. ಸೆರಗಿನ ತುದಿ ಈಗಾಗಲೇ ಅವರ ಕೈಯಲ್ಲಿತ್ತು. ಕಾಕಾ ಹೆಂಡತಿಯ ಪಕ್ಕ ಬಂದು ಕೂತು, ಯಾವ ವ್ಯಾಪಾರವೂ ಇಲ್ಲದ ಕಡೆ, ಟವೆಲ್ಲು ಹಾಸಿದರು.

ಅವ್ವ ಹಾಡಿದರು. ಐದು ನುಡಿಯ ಜೋಗುಳ. ಮೊದಲ ನುಡಿಗೆ ದನಿ ನಡುಗಿತು, ಎರಡನೆಯದಕ್ಕೆ ನೆಲೆ ನಿಂತಿತು, ಮೂರನೆಯದಕ್ಕೆ ಮಗು ನಿದ್ದೆಹೋಯಿತು. ಹೆಂಗಸರ ಕೈಯಿಂದ ಸೆರಗಿನ ತುದಿ ಜಾರಿ, ಅವರೂ ಒಬ್ಬೊಬ್ಬರಾಗಿ ಹಿಂದಿನಿಂದ ಸೇರಿದರು. ನಾನು ಹೆಮ್ಮೆಯಿಂದ ನನ್ನ ಯಂತ್ರದ ಕಡೆ ನೋಡಿದೆ. ಖಣದ ಅಂಚಿನಿಂದ ಬ್ಯಾಟರಿಯ ತಂತಿ ಹೊರಗೆ ಬಂದು ನೆಲದ ಮೇಲೆ ಬಿದ್ದಿತ್ತು. ಯಾರದೋ ಸೀರೆಯ ನೆರಿಗೆಗೆ ಸಿಕ್ಕು ಕಿತ್ತುಬಂದಿರಬೇಕು. ಎಷ್ಟು ಹೊತ್ತಿಗೆ ಬಂದಿತ್ತೋ. ಯಂತ್ರ ಸತ್ತಿತ್ತು, ಹಾಡು ನಡೆದೇ ಇತ್ತು. ಕಾಕಾನನ್ನು ನೋಡಿದೆ. ಅವರ ಕಣ್ಣೂ ಆ ತಂತಿಯ ಮೇಲೆಯೇ ಇತ್ತು. ಟವೆಲ್ಲು ಮಾತ್ರ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು, ತಾಳಕ್ಕೆ ಸರಿಯಾಗಿ...

ಹಾಡು ಮುಗಿದ ಮೇಲೆ ನಾನು ತಂತಿಯನ್ನು ಗುಟ್ಟಾಗಿ ಮತ್ತೆ ಸಿಕ್ಕಿಸಿದೆ. ಅವ್ವ, "ಮಾಸ್ತರ್ರ, ಯಂತ್ರ ಭಾಳ ಛಲೋ ಐತಿ" ಎಂದರು. ಕಾಕಾ ಮತ್ತು ನಾನು ಆ ವಿಷಯವನ್ನು ಯಾವತ್ತೂ ಎತ್ತಲಿಲ್ಲ.

ಯುದ್ಧ ಬಂತು, ಬ್ಯಾಟರಿ ಸಿಗದಾಯಿತು. ಹಲಗೆ ಅಟ್ಟ ಸೇರಿತು. ನನಗೆ ಗಂಗಾವತಿಗೆ ವರ್ಗವಾಯಿತು, ಮದುವೆಯಾಯಿತು. ಯುದ್ಧ ಮುಗಿದ ವರ್ಷ ಕಾಕಾ ತೀರಿಕೊಂಡರೆಂದು ಕಾಗದ ಬಂದಾಗ ಯಲಬುರ್ಗಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದರು. ಕೊಟ್ಟಿಗೆ ಖಾಲಿಯಾಗಿತ್ತು. ಅವ್ವನ ಕಿವಿ ಪೂರ್ತಿ ಹೋಗಿತ್ತು. ನಾನು ಏನು ಹೇಳಿದರೂ ಕೇಳುವಂತಿರಲಿಲ್ಲ. ಅವರೇ ಮಾತಾಡಿದರು.

"ತೊಟ್ಟಲಾ ಕಟ್ಟಿದ ದಿನ ಎರಡನೇ ನುಡಿಗೇ ನಿಮ್ಮ ಯಂತ್ರ ಬಂದ್ ಆಗಿತ್ತರಿ ಮಾಸ್ತರ್ರ. ನಿಮ್ಮಿಬ್ಬರ ಮಾರಿ ನೋಡಿ ಸುಮ್ನಾದೆ. ಒಂದು ನುಡಿ ನನ್ನ ದನಿ ನನಗ ಕೇಳಿತ್ತಲ್ಲ, ಅಷ್ಟ ಸಾಕಾತು. ಹಾದಿಗೆ ಹತ್ತಿಸಿದ ಎತ್ತು ತಾನ ಮನಿಗೆ ಬರತೈತಿ. ತಾಳಾ ತಪ್ಪದಂಗ ಇವರ ಬೆರಳಿತ್ತು."

ಆಮೇಲೆ ಖಾಲಿ ಕೊಟ್ಟಿಗೆಯ ಕಡೆ ನೋಡುತ್ತ ಹೇಳಿದರು. "ಈಗ ಎಷ್ಟು ರೊಟ್ಟಿ ಅಂತ ಹೇಳಾವ್ರ ಇಲ್ಲ ನೋಡ್ರಿ."

ಕಾಕಾನ ಟವೆಲ್ಲು ಅಲ್ಲೇ ಗೂಟಕ್ಕೆ ತೂಗಿತ್ತು. ಅದನ್ನು ತೆಗೆದು ಹಾಸಿ ಅವರ ಬೆರಳು ಒತ್ತಬೇಕು, ಎರಡು ಎಂದು ಹೇಳಬೇಕು, ಊಟ ಮಾಡಿಕೊಂಡು ಹೋಗಬೇಕು ಎನಿಸಿತು. ಸಂಕೋಚವಾಯಿತು. ಕೈಮುಗಿದು ಎದ್ದು ಬಂದೆ. ಮುಂದಿನ ವರ್ಷ ಅವ್ವನೂ ಹೋದರು. ಅಂದು ಹಾಗೆ ಎದ್ದು ಬಂದದ್ದಕ್ಕೆ ನನ್ನನ್ನು ನಾನು ಈವರೆಗೂ ಕ್ಷಮಿಸಿಲ್ಲ.

ಡಾಕ್ಟರ ಮಾತು ಮೀರಿ ನಾನು ಒಂದೇ ಯಂತ್ರ ತಂದೆ. ಮೊದಲ ಸಲ ಕಟ್ಟುವವರು ಒಂದರಿಂದಲೇ ಶುರುಮಾಡಬೇಕು ಎಂದು ಮಗನಿಗೆ ಹೇಳಿದೆ, ಅವನಿಗೆ ಅರ್ಥವಾಗಲಿಲ್ಲ. ಯಂತ್ರ ಚೆನ್ನಾಗಿಯೇ ಇದೆ. ಬೀದಿಯ ಮೋಟಾರು, ಪಕ್ಕದ ಮನೆಯ ಕುಕ್ಕರು, ಮೊಮ್ಮಕ್ಕಳ ಜಗಳ ಎಲ್ಲ ಕೇಳಿಸುತ್ತದೆ. ಊಟಕ್ಕೆ ಕೂತಾಗ ಸೊಸೆ ದೂರದಿಂದಲೇ, "ಇನ್ನೆಷ್ಟು ಹಾಕ್ಲಿರಿ ಮಾವಾರ?" ಎಂದು ಕೇಳುತ್ತಾಳೆ. ಅದೂ ಸ್ಪಷ್ಟವಾಗಿ ಕೇಳಿಸುತ್ತದೆ.

"ಎರಡು" ಎನ್ನುತ್ತೇನೆ ಬಾಯಿಂದಲೇ. ಹೆಗಲ ಮೇಲಿನ ಟವೆಲ್ಲು ಹೆಗಲ ಮೇಲೆಯೇ ಇರುತ್ತದೆ.